ಸೂಕ್ಷ್ಮದರ್ಶಕಕ್ಕೆ ಹಾಕಿದ ಕರ್ಚೀಫು

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಎಂಬ ಹೊಸ ಬಸ್ಸು ಓಡಾಡತೊಡಗಿದಂದಿನಿಂದ ಪ್ರೊಫೆಸರ್ ರಮಾಕಾಂತರ ಕರ್ಚೀಫಿಗೆ ಕೆಲಸವಿಲ್ಲದಂತಾಗಿತ್ತು.

ಅದು ದುಡಿದ ಕರ್ಚೀಫು. ಹಳೆಯ ಕೆಂಪು ಬಸ್ಸುಗಳ ಕಾಲದಲ್ಲಿ, ಬಸ್ಸು ಸ್ಟ್ಯಾಂಡಿನಲ್ಲಿ ನಿಲ್ಲುವ ಮೊದಲೇ ರಮಾಕಾಂತರು ಅದರ ಪಕ್ಕದಲ್ಲಿ ಓಡುತ್ತ ಕಿಟಕಿಯೊಳಗೆ ಕೈ ತೂರಿಸಿ ಕರ್ಚೀಫನ್ನು ಸೀಟಿನ ಮೇಲೆ ಎಸೆಯುತ್ತಿದ್ದರು. ಆಮೇಲೆ, ಬಾಗಿಲಲ್ಲಿ ಗುದ್ದಾಡುವ ಮಂದಿಯನ್ನು ಕರುಣೆಯಿಂದ ನೋಡುತ್ತ, ಎಲ್ಲರಿಗಿಂತ ಕೊನೆಗೆ ಹತ್ತಿ, ತಮ್ಮ ಸೀಟಿನಲ್ಲಿ ಹೋಗಿ ಕೂಡುತ್ತಿದ್ದರು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಪರ್ಸು ಹೊಡೆಯುವವರೂ ಹಾಕಿದ ಕರ್ಚೀಫು ಮುಟ್ಟುತ್ತಿರಲಿಲ್ಲ. ಚಿಗರಿ ಬಂತು, ಎ.ಸಿ. ಬಂತು, ಕಿಟಕಿಯ ಗಾಜು ಖಾಯಮ್ಮಾಗಿ ಮುಚ್ಚಿತು. ಅಂಥ ಕರ್ಚೀಫು ಬೆವರು ಒರೆಸಿಕೊಂಡು ಸುಮ್ಮನೆ ಜೇಬಿನಲ್ಲಿ ಬಿದ್ದಿರುವಂಥದ್ದಲ್ಲ. ಹೊಸ ಉದ್ಯೋಗ ಹುಡುಕಿಕೊಂಡಿತು. ಆ ಉದ್ಯೋಗ ಅದಕ್ಕೆ ಸಿಕ್ಕಿದ್ದು ರಾಜೇಶ್ವರಿಯ ಪ್ರಯೋಗಾಲಯದಲ್ಲಿ.

ಧಾರವಾಡದ ಕೆಲಗೇರಿ ಕೆರೆಯಾಚೆಗಿನ ಹೊಸ ವಿಶ್ವವಿದ್ಯಾಲಯದಲ್ಲಿ ಎಲ್ಲ ವಿಭಾಗಗಳಿಗೂ ಸೇರಿದ ಒಂದು ಉಪಕರಣ ಕೇಂದ್ರವಿತ್ತು. ಅದರ ಉಸ್ತುವಾರಿ ರಾಜೇಶ್ವರಿಯದು. ಅಲ್ಲಿದ್ದ ಹಳೆಯ ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ನೋಡಿದರೆ ಶ್ರಾವಣದ ಮಳೆಯಲ್ಲಿ ಕನ್ನಡಕ ಹಾಕಿಕೊಂಡು ಸುಭಾಸ ರೋಡ್ ನೋಡಿದ ಹಾಗೆ ಕಾಣುತ್ತಿತ್ತು. ಹೊಸದು ಬೇಕೆಂದು ಅವಳು ವರ್ಷಗಟ್ಟಲೆ ಕಾಡಿದಳು, ಬೇಡಿದಳು, ಮೇಲಧಿಕಾರಿಗಳ ಬಾಗಿಲಲ್ಲಿ ಕೂತಳು. ಅಂತೂ ಕನ್ಫೋಕಲ್ ಬಂತು. ಬೆಳಕಿನಿಂದಲೇ ಕೋಶವನ್ನು ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರು ಪದರಾಗಿ ಬಿಡಿಸಿ ತೋರಿಸುವ ಯಂತ್ರ. ಅನುದಾನ ಕೊಟ್ಟವರು ಒಂದೇ ಒಂದು ಕರಾರು ಹಾಕಿದ್ದರು: ಎಲ್ಲ ವಿಭಾಗದವರೂ ಹಂಚಿಕೊಂಡು ಬಳಸಬೇಕು. ಸಮಿತಿ ಬಂದು ನೋಡಿದಾಗ ಯಂತ್ರ ಸುಮ್ಮನೆ ನಿಂತದ್ದು ಕಂಡರೆ, ಅದನ್ನು ಬಿಚ್ಚಿ ಹುಬ್ಬಳ್ಳಿಯ ಸಂಸ್ಥೆಗೆ ಕೊಡಲಾಗುವುದು.

ಹುಬ್ಬಳ್ಳಿಗೆ! ಧಾರವಾಡದ ಒಬ್ಬ ಪ್ರೊಫೆಸರನಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಬೇರೆ ಯಾವುದಿದೆ? ಇನ್ನು ಯಂತ್ರ ನಿಲ್ಲುವ ಮಾತೇ ಇಲ್ಲ ಎಂದು ರಾಜೇಶ್ವರಿ ನಿಶ್ಚಿಂತಳಾದಳು. ಅವಳ ತಪ್ಪು ಅಲ್ಲಿಯೇ ಆಯಿತು.

ಮೊದಲ ದಿನ ಬೆಳಿಗ್ಗೆ ಪ್ರಾಣಿಶಾಸ್ತ್ರದ ರಮಾಕಾಂತರು ಬಂದರು. ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿದರು. ಅದರ ಮುಂದಿನ ಸ್ಟೂಲಿನ ಮೇಲೆ ನೀಲಿ ಗೀರಿನ ಕರ್ಚೀಫು ಹಾಸಿದರು.

"ಬಾಯಾರ," ಎಂದು ರಾಜೇಶ್ವರಿಯನ್ನು ಕರೆದರು, "ಇದು ನಂದು. ಚಾ ಕುಡದು ಬರ್ತೇನಿ."

"ಸರ, ಪಾಳಿ ಹಚ್ಚಾಕ ಕಂಪ್ಯೂಟರಿನ್ಯಾಗ ವ್ಯವಸ್ಥಾ ಮಾಡೇವ್ರಿ. ಹೆಸರು ಹಾಕಿದ್ರ ಸಾಕು."

"ಹೆಸರಕಿಂತ ಗಟ್ಟಿದ್ದು ಹಾಕೇನಲ್ಲ? ಹೆಸರು ಯಾರರ ಅಳಸಬಹುದು. ಕರ್ಚೀಫ್ ಅಳಸಿದವರನ್ನ ನಾ ಈ ಜನ್ಮದಾಗ ಕಂಡಿಲ್ಲ. ಮ್ಯಾಲ ಅದಕ್ಕ ಪಾಸ್‌ವರ್ಡ್ ಬ್ಯಾರೆ ಬೇಕಾಗಂಗಿಲ್ಲ."

ಚಹಾ ಊಟದವರೆಗೆ ಬೆಳೆಯಿತು, ಊಟ ಮೀಟಿಂಗಿನವರೆಗೆ. ನಡುವೆ ಜೀವರಸಾಯನದ ಕುಮಾರಸ್ವಾಮಿ ಬಂದರು. ಬಾಗಿಲಲ್ಲೇ ನಿಂತು, ಒಳಗೆ ಯಾರೋ ಸೀರೆ ಉಡುತ್ತಿದ್ದಾರೆ ಎಂಬಂತೆ ಹಿಂದಕ್ಕೆ ಸರಿದರು.

"ಯಾರೋ ಹಾಕ್ಯಾರಲ್ರಿ."

"ಯಾರೂ ಇಲ್ರಿ ಸರ, ಬರೇ ಕರ್ಚೀಫ್ ಐತಿ. ಬರ್ರಿ, ಕೂಡ್ರಿ."

"ಛೇ ಛೇ! ಹಾಕಿದ ಕರ್ಚೀಫ್ ತಗದು ಕೂಡಂತೀರೇನು? ನಾವೇನು ಅಂಥಾ ಮನಿತನದವರಾ?"

ಸಂಜೆ ರಮಾಕಾಂತರು ಬಂದು ಕರ್ಚೀಫು ಎತ್ತಿಕೊಂಡು ಮುಖ ಒರೆಸಿಕೊಂಡರು. "ಇವತ್ತ ಆಗಲಿಲ್ಲ ನೋಡ್ರಿ" ಎಂದು ಬಸ್ಸಿಗೆ ಹೋದರು.

ಮರುದಿನ ಕುಮಾರಸ್ವಾಮಿ ಬೇಗ ಬಂದು ಟವೆಲ್ಲು ಹಾಕಿದರು. ಸುದ್ದಿ ಹರಡಿತು. ಧಾರವಾಡದಲ್ಲಿ ಒಂದು ಕಡೆ ಟವೆಲ್ಲು ಬಿದ್ದಿದೆ ಎಂದರೆ ಅಲ್ಲಿ ಏನೋ ಒಳ್ಳೆಯದು ಇದೆ ಎಂದೇ ಅರ್ಥ. ಆ ಒಳ್ಳೆಯದು ಏನು ಎಂದು ಆಮೇಲೆ ಕೇಳಿದರಾಯಿತು, ಮೊದಲು ಜಾಗ ಹಿಡಿಯಬೇಕು. ಔಷಧಶಾಸ್ತ್ರದವರು ಹಾಕಿದರು. ಸಸ್ಯಶಾಸ್ತ್ರದವರು ಹಾಕಿದರು. ಸೂಕ್ಷ್ಮದರ್ಶಕಕ್ಕೂ ತಮಗೂ ಏನು ಸಂಬಂಧ ಎಂದು ಖಚಿತವಿಲ್ಲದ ಸಂಖ್ಯಾಶಾಸ್ತ್ರದವರು, ಇರಲಿ ಎಂದು, ಒಂದು ಮಂಕಿ ಕ್ಯಾಪ್ ಇಟ್ಟು ಹೋದರು. ಸಂಜೆಗೆ ಎತ್ತಿಕೊಂಡು ಹೋಗುವ ರೂಢಿಯೂ ನಿಂತಿತು. ರಾತ್ರಿ ಬಿಟ್ಟರೆ ಬೆಳಿಗ್ಗೆ ಬೇಗ ಬರುವ ತ್ರಾಸು ತಪ್ಪುತ್ತದೆ. ಸ್ಟೂಲಿನ ಮೇಲೆ ರಾಶಿ ಬೆಳೆಯಿತು. ಆ ರಾಶಿಯನ್ನು ನೋಡಿ ಪ್ರತಿಯೊಬ್ಬರೂ, ಇಷ್ಟು ಮಂದಿ ನನಗಿಂತ ಮೊದಲಿದ್ದಾರಲ್ಲ ಎಂದು ಸಮಾಧಾನದಿಂದ ಚಹಾಕ್ಕೆ ಹೋದರು. ಕನ್ಫೋಕಲ್ ಮಾತ್ರ ಕತ್ತಲೆಯ ಕೋಣೆಯಲ್ಲಿ, ಮದುವೆ ಗೊತ್ತಾಗಿಯೂ ತಾಳಿ ಬೀಳದ ಹುಡುಗಿಯಂತೆ, ಮುಸುಕು ಹೊದ್ದು ಕೂತಿತ್ತು.

ಒಂದು ದಿನ ರಾಶಿಯ ಮುಂದೆಯೇ ರಮಾಕಾಂತರೂ ಕುಮಾರಸ್ವಾಮಿಯೂ ಎದುರಾದರು.

"ನಂದು ಎಲ್ಲಾದರ ತೆಳಗ ಅದ. ಅಂದ್ರ ಮೊದಲ ಪಾಳಿ ನಂದು," ಎಂದರು ರಮಾಕಾಂತರು.

"ನಂದು ಎಲ್ಲಾದರ ಮ್ಯಾಲೆ ಐತಿ. ಮ್ಯಾಲಿಂದ ತಗಿಯೂಮುಂದ ಮೊದಲ ಯಾವುದು ಬರತೈತ್ರಿ?"

"ಬುಟ್ಟಿ ರೊಟ್ಟಿ ಏನ್ರಿ ಅದು, ಮ್ಯಾಲಿಂದ ತಗೀಲಿಕ್ಕೆ?"

"ಹಂಗಾದ್ರ ಯಾರರ ಒಬ್ಬರು ಇವತ್ತ ಕೂತುಬಿಡ್ರಲ್ಲ!" ಎಂದಳು ರಾಜೇಶ್ವರಿ.

ಇಬ್ಬರೂ ಅವಳತ್ತ ತಿರುಗಿದರು. ವಾದ ನಡೆಯುವಾಗ ನಡುವೆ ಕೂಡುವ ಮಾತು ತೆಗೆದದ್ದು ಅವರಿಗೆ ಸರಿ ಕಾಣಲಿಲ್ಲ. "ಅದು ಆಮ್ಯಾಲಿಂದ ಮಾತು, ಬಾಯಾರ. ಮೊದಲ ತತ್ವ ತೀರ್ಮಾನ ಆಗಲಿ," ಎಂದು ಇಬ್ಬರೂ ಕೂಡಿಯೇ ಕ್ಯಾಂಟೀನಿಗೆ ಹೋದರು.

ಇದೆಲ್ಲದರ ಏಟು ಬಿದ್ದದ್ದು ಸೌಂದರ್ಯಾಳಿಗೆ. ಸುಳ್ಳ ಎಂಬ ಹಳ್ಳಿಯ ಹುಡುಗಿ, ರಮಾಕಾಂತರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಗಾಯ ಮಾಯುವಾಗ ಚರ್ಮದ ಕೋಶಗಳು ಹೇಗೆ ಸರಿದು ಬಂದು ತೆರವಾದ ಜಾಗವನ್ನು ಮುಚ್ಚುತ್ತವೆ ಎಂಬುದು ಅವಳ ವಿಷಯ. ಗಾಜಿನ ತಟ್ಟೆಯಲ್ಲಿ ಕೋಶ ಬೆಳೆಸಿ, ನಡುವೆ ಸಣ್ಣ ಗೀರು ಎಳೆದು, ಅವು ಬದುಕಿರುವಾಗಲೇ ನೋಡಬೇಕು. ಅವಳು ತಟ್ಟೆ ಹಿಡಿದುಕೊಂಡು ಬರುವಳು, ರಾಶಿ ನೋಡುವಳು, ಹಿಂದಿರುಗುವಳು. ಕೋಶಗಳು ಸಾಯುವವು. ಮತ್ತೆ ಬೆಳೆಸುವಳು.

"ನೀ ಕೂಡು ಸೌಂದರ್ಯಾ. ನಾ ಇದ್ದೇನಲ್ಲ," ಎಂದಳು ರಾಜೇಶ್ವರಿ.

"ನಮ್ಮ ಗೈಡ್ ಅವರ ಕರ್ಚೀಫ್ ಮ್ಯಾಲೆ ನಾ ಹೆಂಗ ಕೂಡ್ಲಿರಿ ಮೇಡಂ? ನನ್ನ ಪಿಎಚ್.ಡಿ. ಅಲ್ಲೇ ಕೂತುಬಿಡತೈತಿ."

ರಾಜೇಶ್ವರಿ ತಾನೇ ಕೂಡಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಕೇಳುವುದು ಸುಲಭ. ಹೆಬ್ಬಳ್ಳಿ ಎಂಬ ಹಳ್ಳಿಯಲ್ಲಿ ಹುಟ್ಟಿದವಳು, ಮೂವತ್ತು ವರ್ಷ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓಡಾಡಿದವಳು. ಕೂಡಬಾರದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಅಗತ್ಯವೇ ಬಿದ್ದಿರಲಿಲ್ಲ.

ಒಂದು ಶನಿವಾರ ಮಾತ್ರ ಅವಳ ಸಹನೆ ತೀರಿತು. ಔಷಧಶಾಸ್ತ್ರದವರ ಕರ್ಚೀಫಿನಿಂದ ಮೂಗಿಗೆ ಏರಿಸುವ ತಪಕೀರಿನ ಪುಡಿ ಉದುರುತ್ತಿತ್ತು. ಲಕ್ಷ ಲಕ್ಷ ಸುರಿದು ತಂದ ಲೆನ್ಸಿನ ಮುಂದೆ ತಪಕೀರು! ಕುಮಾರಸ್ವಾಮಿಯವರ ಟವೆಲ್ಲಿಗೆ ಮಿರ್ಚಿ ಭಜಿಯ ಎಣ್ಣೆ ಮೆತ್ತಿತ್ತು. ಅವಳು ಇಡೀ ರಾಶಿಯನ್ನು ಒಂದು ಚೀಲಕ್ಕೆ ತುಂಬಿದಳು. ಮನೆಗೆ ಒಯ್ದು, ಒಗೆದು, ಇಸ್ತ್ರಿ ಮಾಡಿ, ಸೋಮವಾರ ಅವರವರ ಕೈಗೆ ಕೊಟ್ಟು, ಇನ್ನು ಮುಂದೆ ಹಾಕಬೇಡಿ ಎಂದು ಸೌಜನ್ಯದಿಂದ ಕೇಳಿಕೊಳ್ಳುವುದು ಅವಳ ವಿಚಾರ. ಸೌಜನ್ಯವೇ ಅವಳಿಗೆ ಮುಳುವಾಯಿತು.

ರವಿವಾರ ಬೆಳಿಗ್ಗೆ ಹಿತ್ತಲ ತಂತಿಯ ಮೇಲೆ ಗಂಡಸರ ಕರ್ಚೀಫುಗಳು ಈ ತುದಿಯಿಂದ ಆ ತುದಿಯವರೆಗೆ ಹಾರಾಡುತ್ತಿದ್ದವು. ಪಕ್ಕದ ಮನೆಯ ಕಾವೇರಿ ಕಂಪೌಂಡಿನ ಮೇಲೆ ಗದ್ದ ಊರಿ ನಿಂತಳು.

"ಅಕ್ಕಾರ, ಕಾಕಾರಿಗೆ ಭಾಳ ನೆಗಡಿ ಆಗೇತೇನ್ರಿ?"

"ಇಲ್ಲವಾ, ಆರಾಮ ಅದಾರ."

"ಮತ್ತ ಇಷ್ಟ್ಯಾಕರಿ ಕರ್ಚೀಫು?"

"ಅವು ನಮ್ಮ ಮನ್ಯಾವಲ್ಲ. ನಮ್ಮ ಯುನಿವರ್ಸಿಟಿ ಗಂಡಸರವು."

ಹೇಳಿದ ಮೇಲೆ, ಇದನ್ನು ಬೇರೆ ರೀತಿ ಹೇಳಬಹುದಿತ್ತು ಎಂದು ರಾಜೇಶ್ವರಿಗೆ ಹೊಳೆಯಿತು. ಆದರೆ ಅಷ್ಟರಲ್ಲಿ ಕಂಪೌಂಡಿನ ಮೇಲೆ ಗದ್ದ ಇರಲಿಲ್ಲ.

ಮಧ್ಯಾಹ್ನ ಅವಳ ಗಂಡ ಶಂಭುಲಿಂಗ, ಹುಬ್ಬಳ್ಳಿಯ ಅರಳೆ ವ್ಯಾಪಾರಿ, ಅಂಗಡಿಯ ಹತ್ತಿಯ ಎಳೆಗಳನ್ನು ಮೀಸೆಯ ಮೇಲೆಯೇ ಇಟ್ಟುಕೊಂಡು ಬಂದ.

"ಏನದು? ಧಾರವಾಡದ ಪ್ರೊಫೆಸರಂದಿರ ಬಟ್ಟಿ ನೀ ಒಗಿಯಾಕತ್ತೀಯಂತ? ಹೆಬ್ಬಳ್ಳಿಯಿಂದ ನಿಮ್ಮಣ್ಣ ಫೋನ್ ಮಾಡಿದ್ದ. ಸಂಬಳಾ ಸಾಲದ ಆಗೇತೇನು ಅಂತ ಕೇಳಿದ. ನಾ ಏನ್ ಹೇಳಬೇಕು?"

"ಸೂಕ್ಷ್ಮದರ್ಶಕದ ಮುಂದ ಹಾಕಿದ್ರು, ತಂದೇನಿ ಅಂತ ಹೇಳ್ರಿ."

"ಸೂಕ್ಷ್ಮದರ್ಶಕಕ್ಕ ಕರ್ಚೀಫ್ ಯಾಕ?"

"ಜಾಗಾ ಹಿಡ್ಯಾಕ."

ಶಂಭುಲಿಂಗ ಕ್ಷಣ ವಿಚಾರ ಮಾಡಿದ. ಅವನ ಮುಖದ ಮೇಲಿನ ಸಿಟ್ಟೆಲ್ಲ ಇಳಿಯಿತು. "ಹಂಗೇನು! ಮತ್ತ ನೀ ಯಾಕ ತಗದಿ? ಹಾಕಿದ್ದು ತಗೀಬಾರದು," ಎಂದು ಅವಳಿಗೇ ಬುದ್ಧಿ ಹೇಳಿ ಟಿ.ವಿ.ಯ ಮುಂದಿನ ಬೆತ್ತದ ಕುರ್ಚಿಯಲ್ಲಿ ಕೂತ. ಮನೆಯಲ್ಲಿ ಗಾಳಿ ಬೆಳಕು ಎರಡೂ ಸಿಗುವ ಕುರ್ಚಿ ಅದೊಂದೇ. ಅದರ ಮೇಲೆ ಅವನ ಬಿಳಿ ಟವೆಲ್ಲು ಯಾವಾಗಲೂ ಇರುತ್ತಿತ್ತು. ಅವನು ಇಡೀ ದಿನ ಹುಬ್ಬಳ್ಳಿಯಲ್ಲಿದ್ದರೂ ಟವೆಲ್ಲು ಮನೆಯಲ್ಲೇ ಕೂತಿರುತ್ತಿತ್ತು. ರಾಜೇಶ್ವರಿ ಟಿ.ವಿ. ನೋಡುವುದು ಅಡುಗೆಮನೆಯ ಹೊಸ್ತಿಲ ಮೇಲಿಂದ.

ಸೋಮವಾರ ಬೆಳಿಗ್ಗೆ ಇಸ್ತ್ರಿಗೆ ನೋಡಿದರೆ ಒಂದೂ ಕರ್ಚೀಫು ಇಲ್ಲ. ಅತ್ತೆ ಶರಣವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಬಾಯಲ್ಲಿ ದಾರ ಕಡಿಯುತ್ತಿದ್ದಳು. ಮೇಲೆ ಹೊಲಿಯಲು ಬಟ್ಟೆಯ ತುಣುಕು ಸಾಲದೆ ಅರ್ಧಕ್ಕೆ ನಿಂತಿದ್ದ ಅವಳ ಸಣ್ಣ ಕೌದಿ ಈಗ ಮೊಣಕಾಲ ಮೇಲೆ ತುಂಬಿ ಹರಡಿತ್ತು. ನಟ್ಟನಡುವೆ ನೀಲಿ ಗೀರಿನ ಪ್ರಾಣಿಶಾಸ್ತ್ರ. ಅದರ ಸುತ್ತ ಟವೆಲ್ಲಿನ ಜೀವರಸಾಯನ, ಔಷಧಶಾಸ್ತ್ರ, ಸಸ್ಯಶಾಸ್ತ್ರ. ಸಂಖ್ಯಾಶಾಸ್ತ್ರದ ಮಂಕಿ ಕ್ಯಾಪನ್ನು ಬಿಚ್ಚಿ ಅಂಚು ಕಟ್ಟಿದ್ದಳು.

"ಅತ್ತಿ! ಏನ ಮಾಡೀರಿ ಇದು?"

"ತಂತಿ ಮ್ಯಾಲೆ ಬಿದ್ದಿದ್ವಲ್ಲ. ನನಗಂತ ತಂದೀ ಅಂದಕೊಂಡೆ."

"ಬಿಚ್ಚರಿ. ಅವು ಪ್ರೊಫೆಸರಂದಿರವು!"

"ಹೌದಾ? ಅದಕ್ಕ ಅಷ್ಟು ಮೆತ್ತಗ ಅದಾವ. ಕೆಲಸಾ ಕಂಡಿಲ್ಲ ಪಾಪ." ಶರಣವ್ವ ಸೂಜಿ ಎತ್ತಿದಳು. "ಹೊಲಿದ ಕೌದಿ ಯಾರರ ಬಿಚ್ಚತಾರೇನ ರಾಜವ್ವ? ಒಂದ ಮೂಲಿ ಉಳದೈತಿ ನೋಡು. ಇಂಥದ ಮೆತ್ತಂದು ಇನ್ನೊಂದು ಸಿಕ್ಕರ ತಾ."

ಅಷ್ಟರಲ್ಲಿ ಫೋನು. ವಿಶ್ವವಿದ್ಯಾಲಯದ ಕುಲಸಚಿವರು.

"ಮೇಡಂ, ಏನು ಮಾಡಿಟ್ಟೀರಿ? ಎಲ್ಲಾ ವಿಭಾಗದವರೂ ನನ್ನ ಟೇಬಲ್ ಮುಂದ ನಿಂತಾರ. ನಾಕು ವರ್ಷದಾಗ ಒಂದ ವಿಷಯಕ್ಕೂ ಒಗ್ಗಟ್ಟಾಗದವರು ಇವತ್ತ ಒಗ್ಗಟ್ಟಾಗ್ಯಾರ! ಯಾರ ಕರ್ಚೀಫ್ ಎಲ್ಲಿತ್ತೋ ಅಲ್ಲೇ ಇಡ್ರಿ. ಅದರಾಗ ಇವತ್ತ ಸಮಿತಿ ಬ್ಯಾರೆ ಬರತೈತಿ."

"ಇವತ್ತಾ?"

"ಮಧ್ಯಾಹ್ನ. ಅಧ್ಯಕ್ಷರು ಹುಬ್ಬಳ್ಳಿಯವರು."

ರಾಜೇಶ್ವರಿ ಕೌದಿಯನ್ನು ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಟಳು. "ಸಂಜೀಕ ವಾಪಸ್ ಬರಬೇಕ ಮತ್ತ," ಎಂದು ಶರಣವ್ವ ಹಿಂದಿನಿಂದ ಕೂಗಿದಳು. ಸೊಸೆಯನ್ನು ಕುರಿತು ಹೇಳಿದ್ದಲ್ಲ.

ಪ್ರಯೋಗಾಲಯದಲ್ಲಿ ಕೌದಿ ಬಿಚ್ಚಿ ಹರಡಿದಾಗ ಎಲ್ಲರೂ ಸುತ್ತ ನೆರೆದರು. ಆಮೇಲೆ ರಮಾಕಾಂತರು ನಡುವಿಗೆ ಬೆರಳು ಚುಚ್ಚಿದರು.

"ಇದು ನಂದು! ನಮ್ಮ ಮಾವ ಕೊಟ್ಟದ್ದು!"

"ನಂದು ನಿಮ್ಮದಕ್ಕ ಹತ್ತಿ ಹೊಲದಾರ. ಇದು ಹೆಂಗ ಆತು? ನನ್ನ ಪಾಳಿ ನಿಮ್ಮ ಬಾಜೂಕ ಬಂತಲ್ಲ," ಎಂದರು ಕುಮಾರಸ್ವಾಮಿ, ಸಂತೋಷವೋ ಸಿಟ್ಟೋ ತಿಳಿಯದೆ.

"ಹಂಗಾರ ನಡುವ ಇರೋರದು ಮೊದಲ ಪಾಳಿ."

"ಅಲ್ಲ, ಮೂಲಿಯಿಂದ ಎಣಸಬೇಕು!"

ನಾಲ್ಕು ಕಡೆಯಿಂದ ನಾಲ್ಕು ವಿಭಾಗಗಳು ಕೌದಿ ಹಿಡಿದು ಎಳೆಯುತ್ತಿದ್ದಾಗ ಬಾಗಿಲಲ್ಲಿ ಸಮಿತಿ ನಿಂತಿತ್ತು. ಅಧ್ಯಕ್ಷ ಡಾಕ್ಟರ್ ಮಹಾಂತಯ್ಯ, ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಅವರ ಹಿಂದೆ ಇಬ್ಬರು ಸದಸ್ಯರು. ಕೌದಿ ನಾಲ್ಕು ಕೈಗಳಿಂದ ಒಮ್ಮೆಲೇ ಜಾರಿ ನೆಲಕ್ಕೆ ಬಿತ್ತು.

ಮಹಾಂತಯ್ಯ ಯಂತ್ರದ ಪರದೆ ಹೊತ್ತಿಸಿ, ಅದು ಇಲ್ಲಿಯವರೆಗೆ ಎಷ್ಟು ನಡೆದಿದೆ ಎಂದು ನೋಡಿದರು. ಜೋಡಿಸಿ ಕೊಟ್ಟ ಕಂಪನಿಯ ಎಂಜಿನಿಯರನು ನಡೆಸಿದ್ದನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

"ಇದು ಬಂದಾಗಿಂದ ನಿಂತೇ ಐತಲ್ರಿ."

ರಮಾಕಾಂತರು ಗಂಟಲು ಸರಿಮಾಡಿಕೊಂಡರು. "ನಿಂತದ ಅಂದ್ರ ಬೇಡಿಕಿ ಇಲ್ಲಂತಲ್ಲ ಸರ. ಬೇಡಿಕಿ ಭಾಳ ಅದ, ಅದಕ್ಕ ನಿಂತದ. ಇಲ್ಲಿ ನೋಡ್ರಿ." ಅವರು ಕೌದಿಯನ್ನು ಎತ್ತಿ, ಜಾದೂಗಾರನಂತೆ ಹರಡಿ ತೋರಿಸಿದರು. "ಒಂದು ವಿಭಾಗನೂ ಬಿಟ್ಟಿಲ್ಲ. ಎಲ್ಲಾರೂ ಹಂಚಿಕೊಂಡೇವಿ."

ಮಹಾಂತಯ್ಯ ಕೌದಿಯನ್ನು ನೋಡಿದರು, ಸ್ಟೂಲನ್ನು ನೋಡಿದರು. ಅವರ ಮೀಸೆಯ ಕೆಳಗೆ ಏನೋ ಅಲುಗಿತು. ಅವರೂ ಒಂದು ಕಾಲದಲ್ಲಿ ಕೆಂಪು ಬಸ್ಸಿನ ಹಿಂದೆ ಓಡಿದವರೇ. ಜೇಬಿನಿಂದ ತಮ್ಮ ಕರ್ಚೀಫು ತೆಗೆದರು, ಝಾಡಿಸಿದರು, ಸ್ಟೂಲಿನ ಮೇಲೆ ಅಂಚು ಕೂಡಿಸಿ ಹಾಸಿದರು.

"ಹುಬ್ಬಳ್ಳಿದು ಹಾಕೇನಿ. ಚಾ ಕುಡದು ಬರತೇವಿ. ಬಂದು, ಇದನ್ನ ಹೆಂಗ ಬಿಚ್ಚಿ ಕಟ್ಟಿ ಒಯ್ಯೂದು, ಮಾತಾಡೂಣು."

ಸಮಿತಿ ಹೊರಗೆ ಹೋಯಿತು. ಇಡೀ ವಿಶ್ವವಿದ್ಯಾಲಯ ಆ ಒಂದು ಗೇಣು ಬಟ್ಟೆಯ ಸುತ್ತ ನಿಂತಿತು.

"ತಗೀರಲ್ಲ ಸರ," ಎಂದರು ಕುಮಾರಸ್ವಾಮಿ ಪಿಸುದನಿಯಲ್ಲಿ.

"ನಾನು? ಅಧ್ಯಕ್ಷರು ಹಾಕಿದ್ದು! ನೀವು ತಗೀರಿ."

"ನಮ್ಮ ಮನಿತನ ಅಂಥಾದ್ದಲ್ಲ ಅಂತ ಮೊದಲ ಹೇಳೇನಿ."

"ಹಂಗಾರ ಹೋತು ಬಿಡ್ರಿ," ಎಂದರು ರಮಾಕಾಂತರು ನಿಟ್ಟುಸಿರಿಟ್ಟು. "ಹುಬ್ಬಳ್ಳಿಯವರು ಹಾಕಿಬಿಟ್ರು. ಇನ್ನೇನು ಮಾಡ್ಲಿಕ್ಕೆ ಬರ್ತದ?"

ಅವರು ಹೇಳಿದ ರೀತಿಗೆ ರಾಜೇಶ್ವರಿಗೆ ನೆತ್ತಿಯವರೆಗೆ ಉರಿಯಿತು. ಯಾವ ಬಾಗಿಲಲ್ಲಿ ಎಷ್ಟು ಹೊತ್ತು ಕಾದಿದ್ದಳೋ, ಯಾರ್ಯಾರಿಗೆ ಏನೇನು ವಿವರಿಸಿದ್ದಳೋ, ಆ ಎಲ್ಲದರ ಮೇಲೆ ಈಗ ಒಂದು ಬಟ್ಟೆ ತುಂಡು. ಬಾಗಿಲಲ್ಲಿ ಸೌಂದರ್ಯಾ ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

"ಮೇಡಂ, ಇವತ್ತಿನವು ಇನ್ನೂ ಜೀವಂತ ಅದಾವ್ರಿ."

ರಾಜೇಶ್ವರಿ ಸೆರಗು ಸೊಂಟಕ್ಕೆ ಸಿಗಿಸಿದಳು. ಸ್ಟೂಲು ಎಳೆದಳು. ಕೂತಳು.

"ಬಾಯಾರ!" ಎಂದು ಎಲ್ಲ ವಿಭಾಗಗಳೂ ಒಟ್ಟಿಗೆ ಕೂಗಿದವು, ಅವಳು ಸಾಕ್ಷಾತ್ ಮಹಾಂತಯ್ಯನವರ ಮೇಲೆಯೇ ಕೂತುಬಿಟ್ಟಳು ಎಂಬಂತೆ. "ಕರ್ಚೀಫ್!"

"ತಟ್ಟಿ ಕೊಡು ಸೌಂದರ್ಯಾ. ದೀಪಾ ಆರಸ್ರಿ ಯಾರರ. ರಮಾಕಾಂತ ಸರ, ನೀವ ಆರಸ್ರಿ, ಸ್ವಿಚ್ಚಿನ ಬಾಜೂಕ ನಿಂತೀರಿ."

ರಮಾಕಾಂತರು ಆರಿಸಿದರು. ಕತ್ತಲಲ್ಲಿ ಯಂತ್ರ ಮೆಲ್ಲಗೆ ಗುಂಯ್‌ಗುಟ್ಟಿತು. ಪರದೆಯ ಮೇಲೆ ಮೊದಲು ಏನೂ ಇರಲಿಲ್ಲ, ಆಮೇಲೆ ಹಸಿರು. ಗೀರಿನ ಎರಡೂ ದಂಡೆಯಲ್ಲಿ ಕೋಶಗಳು ಮೈ ಚಾಚಿ, ತೆಳ್ಳನೆ ಪಾದ ಮುಂದೆ ಹಾಕಿ, ಖಾಲಿ ಜಾಗದ ಕಡೆಗೆ ಹೊರಟಿದ್ದವು. ಒಂದೂ ಕೋಶ ಕರ್ಚೀಫು ಹಾಕಿ ಚಹಾಕ್ಕೆ ಹೋಗಿರಲಿಲ್ಲ.

"ಅಯ್ಯ, ಇಷ್ಟು ಛಂದ ಕಾಣತಾವೇನ್ರಿ ಇದರಾಗ!" ಎಂದರು ಕುಮಾರಸ್ವಾಮಿ. ಪ್ರೊಫೆಸರರು ಒಬ್ಬರ ಹೆಗಲ ಮೇಲಿಂದ ಒಬ್ಬರು ಬಗ್ಗಿ ನೋಡುತ್ತಿರುವಾಗ ಬಾಗಿಲು ತೆರೆಯಿತು.

"ಬಾಯಾರ, ಅಲ್ಲೆ ನನ್ನ ಕರ್ಚೀಫ್ ಇತ್ತು," ಎಂದಿತು ಮಹಾಂತಯ್ಯನವರ ದನಿ.

"ಐತ್ರಿ. ಎಲ್ಲೂ ಹೋಗಿಲ್ಲ. ಇಳದ ಮ್ಯಾಲೆ ಕೊಡತೇನಿ," ಎಂದಳು ರಾಜೇಶ್ವರಿ, ಪರದೆಯಿಂದ ಕಣ್ಣು ತೆಗೆಯದೆ.

"ಎಲ್ಲಿ ಇಳೀತೀರಿ?"

"ನಾ ಕಡೀ ಸ್ಟಾಪಿನಾಕಿರಿ."

ಮಹಾಂತಯ್ಯ ನಿಧಾನವಾಗಿ ಮುಂದೆ ಬಂದು, ಗೋಡೆಯ ಮೇಲಿನ ಎ.ಸಿ. ಪೈಪನ್ನು ಬಸ್ಸಿನ ಕಂಬಿಯಂತೆ ಹಿಡಿದು ನಿಂತು, ಪರದೆ ನೋಡಿದರು. ಬಹಳ ಹೊತ್ತು ನೋಡಿದರು.

"ಇವರ ಆದಮ್ಯಾಲೆ ಯಾರ ಪಾಳಿ?"

ಕುಮಾರಸ್ವಾಮಿ ತಡವರಿಸಿದರು. "ಕಂಪ್ಯೂಟರಿನ್ಯಾಗ... ನೋಡಬೇಕ್ರಿ."

"ನೋಡ್ರಿ. ಹೆಸರು ಇಲ್ಲಂದ್ರ ಹಚ್ಚರಿ." ಮಹಾಂತಯ್ಯ ತಮ್ಮ ಸದಸ್ಯರ ಕಡೆಗೆ ತಿರುಗಿದರು. "ಓಡೂ ಬಸ್ಸು ನಡುವ ನಿಲ್ಲಿಸಿ ಒಯ್ಯಾಕ ಬರೂದಿಲ್ಲ. ಇರಲಿ ಇಲ್ಲೇ. ನಮ್ಮ ಹುಡುಗರನ್ನ ಹುಬ್ಬಳ್ಳಿಯಿಂದ ಇಲ್ಲಿಗೇ ಕಳಸೂಣು. ಅವರ ಹೆಸರೂ ಹಚ್ಚಕೊಳ್ರಿ ಬಾಯಾರ."

"ಹುಬ್ಬಳ್ಳಿಯವರೂ ಬರ್ತಾರ?" ಎಂದು ಕೇಳಿದ ರಮಾಕಾಂತರ ಕೈ, ತಾನೇ ತಾನಾಗಿ, ಖಾಲಿ ಜೇಬಿಗೆ ಹೋಯಿತು.

ಸಂಜೆ ರಾಜೇಶ್ವರಿ ಮನೆಗೆ ಬಂದಾಗ ಸೊಂಟ ಸೆಟೆದಿತ್ತು. ಮಹಾಂತಯ್ಯನವರ ಕರ್ಚೀಫನ್ನು ಇಳಿದ ಮೇಲೆ ಮಡಚಿ ಕೊಟ್ಟಿದ್ದಳು. ಕೌದಿಯನ್ನು ಮಾತ್ರ ಯಾರೂ ಮರಳಿ ಕೇಳಿರಲಿಲ್ಲ. ಅದನ್ನು ಅತ್ತೆಯ ಮುಂದೆ ಇಟ್ಟಳು. ಟಿ.ವಿ.ಯಲ್ಲಿ ಏನೋ ಬರುತ್ತಿತ್ತು. ಬೆತ್ತದ ಕುರ್ಚಿಯ ಮೇಲೆ ಬಿಳಿ ಟವೆಲ್ಲು ಕೂತಿತ್ತು. ರಾಜೇಶ್ವರಿ ಹೊಸ್ತಿಲ ಕಡೆಗೆ ಎರಡು ಹೆಜ್ಜೆ ಹಾಕಿದವಳು ತಿರುಗಿ ಬಂದು ಕುರ್ಚಿಯಲ್ಲಿ, ಟವೆಲ್ಲಿನ ಮೇಲೆಯೇ, ಕೂತಳು. ಗಾಳಿ ನಿಜಕ್ಕೂ ಚೆನ್ನಾಗಿ ಬರುತ್ತಿತ್ತು.

ಕೈಕಾಲು ತೊಳೆದು ಒಳಗೆ ಬಂದ ಶಂಭುಲಿಂಗ ನಿಂತಲ್ಲೇ ನಿಂತ. ಕುರ್ಚಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ನ್ಯಾಯ ಕೇಳುವವನಂತೆ ತಾಯಿಯನ್ನು ನೋಡಿದ.

"ಅವ್ವಾ, ಅಲ್ಲೆ ನನ್ನ ಟವೆಲ್..."

ಶರಣವ್ವ ಕನ್ನಡಕ ಏರಿಸಿ, ಸೂಜಿಗೆ ದಾರ ಪೋಣಿಸಿ, ಕೌದಿಯ ಖಾಲಿ ಮೂಲೆಯನ್ನು ತೊಡೆಯ ಮೇಲೆ ಹರಡಿಕೊಂಡಳು.

"ರಾಜವ್ವ, ನೀ ಏಳಬ್ಯಾಡ. ಸ್ವಲ್ಪ ಮುಂದಕ ಬಗ್ಗು ಸಾಕು, ನಾನ ಎಳಕೋತೇನಿ."